ಎಷ್ಟು ಗ್ರಾಂ ಸಿಟ್ಟು

ರಸಾಯನಶಾಸ್ತ್ರ ವಿಭಾಗದ ತಕ್ಕಡಿಯಲ್ಲಿ ಖಾರದ ರಂಜಕ ತೂಗಬಾರದು ಎಂಬ ನಿಯಮ ಆ ಕಾಲೇಜಿನಲ್ಲಿ ಮೊದಲು ಇರಲಿಲ್ಲ. ೨೦೦೧ರ ಬೇಸಿಗೆಯಲ್ಲಿ ಅದನ್ನು ಹೊಸದಾಗಿ ಮಾಡಬೇಕಾಯಿತು.

"ಮೇಡಂ, ನಿನ್ನೆ ನಮ್ಮ ಹುಡುಗ ಇದರಾಗ ಉಪ್ಪು ತೂಗಿ, ಕಣ್ಣಿಗೆ ಕೈ ಹಚ್ಚಿಕೊಂಡಾನ್ರಿ. ಇನ್ನಾ ಒರಸ್ಕೋತ ಕುಂತಾನ," ಎಂದರು ಆ ವಿಭಾಗದ ಮುಖ್ಯಸ್ಥರು. "ನಿಮ್ಮ ಸಂಶೋಧನಾ ಯಾವುದರ ಮ್ಯಾಲ ಅಂದಿದ್ರಿ?"

"ಕಂಪ್ಯೂಟರ್ ಆಟದ ಮ್ಯಾಲ್ರಿ ಸರ್," ಎಂದಳು ಮನಃಶಾಸ್ತ್ರದ ಪ್ರಮಿಳಾ.

ಅವರು ಒಮ್ಮೆ ತಕ್ಕಡಿಯನ್ನೂ ಒಮ್ಮೆ ಪ್ರಮಿಳಾಳನ್ನೂ ನೋಡಿ, ತಕ್ಕಡಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅಂದು ಸಂಜೆ ಪ್ರಮಿಳಾ ಖಡೇಬಜಾರಿಗೆ ಹೋಗಿ ಬೆಳ್ಳಿ ಬಂಗಾರ ತೂಗುವ ಸಣ್ಣದೊಂದು ತಕ್ಕಡಿ ಕೊಂಡಳು. ಏನು ತೂಗಲಿಕ್ಕೆ ಎಂದು ಅಂಗಡಿಯವನು ಕೇಳಿದಾಗ "ಸಿಟ್ಟು" ಎಂದಳು. ಅವನು ಅದನ್ನು ಯಾವುದೋ ಮರಾಠಿ ಒಡವೆಯ ಹೆಸರು ಎಂದುಕೊಂಡಿರಬೇಕು, ತಲೆಯಾಡಿಸಿ ಕಟ್ಟಿಕೊಟ್ಟ.

ಪ್ರಮಿಳಾಳ ಮನೆ ಖಾನಾಪುರದಲ್ಲಿ, ಕೆಲಸ ಬೆಳಗಾವಿಯಲ್ಲಿ. ಬೆಳಿಗ್ಗೆ ಪ್ಯಾಸೆಂಜರ್ ರೈಲು, ಸಂಜೆ ಸಿಕ್ಕ ಬಸ್ಸು. ಗಂಡ ಗಜಾನನ ಖಾನಾಪುರ ಬಸ್ ನಿಲ್ದಾಣದ ಕಂಟ್ರೋಲರ್. ಯಾವ ಬಸ್ಸು ಯಾವ ಊರಿಗೆ ಹೊರಡುತ್ತದೆ ಎಂದು ಮೈಕಿನಲ್ಲಿ ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಕೂಗಿ ಕೂಗಿ, ಮನೆಯಲ್ಲಿ ನೀರು ಕೇಳುವಾಗಲೂ ಅವನ ಧ್ವನಿ ಪ್ಲಾಟ್‌ಫಾರಂನಿಂದ ಬಂದಂತಿರುತ್ತಿತ್ತು. ಅತ್ತೆ ಕಾಡವ್ವ ಕುರಿಗಾರರ ಮನೆತನದ ಹೆಣ್ಣುಮಗಳು, ಮಾತು ಕಡಿಮೆ, ಕೈ ಜೋರು. ಹಣ್ಣು ಮೆಣಸಿನಕಾಯಿ ಪೇಟೆಗೆ ಬಂದ ಕೂಡಲೇ ಉಪ್ಪು, ಬೆಳ್ಳುಳ್ಳಿ, ನಿಂಬೆರಸ ಹಾಕಿ ಒರಳಲ್ಲಿ ಕುಟ್ಟಿ, ಭರಣಿಗಳಲ್ಲಿ ತುಂಬಿಡುತ್ತಿದ್ದಳು. ಆ ಕೆಂಪು ಚಟ್ನಿಯೇ ರಂಜಕ. ಅವಳ ರಂಜಕಕ್ಕೆ ಓಣಿಯೆಲ್ಲ ಬಟ್ಟಲು ಹಿಡಿದು ಬರುತ್ತಿತ್ತು.

ಪ್ರಮಿಳಾ ಎಂಟು ವರ್ಷದಿಂದ ಆ ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿ. ಪಿಎಚ್‌.ಡಿ. ಆದರೆ ಕಾಯಂ, ಆಗದಿದ್ದರೆ ಈ ವರ್ಷವೇ ಕೊನೆ ಎಂದು ಆಡಳಿತ ಮಂಡಳಿ ಹೇಳಿಯಾಗಿತ್ತು. ಪಿಎಚ್‌.ಡಿ. ನೋಂದಣಿಯೂ ಅದೇ ವರ್ಷದ ಕೊನೆಗೆ ಮುಗಿಯುವುದಿತ್ತು. ವಿಷಯವನ್ನು ಅವಳೇ ಹಟ ಹಿಡಿದು ಆರಿಸಿದ್ದಳು: ಕಂಪ್ಯೂಟರಿನ ಹಿಂಸೆಯ ಆಟಗಳಿಂದ ಹರೆಯದವರ ನಡವಳಿಕೆಯ ಮೇಲಾಗುವ ಪರಿಣಾಮ. ಬೆಳಗಾವಿಯ ಗಲ್ಲಿಗಳಲ್ಲಿ ಆಗ ಸೈಬರ್ ಅಂಗಡಿಗಳು ಹೊಸದು. ಎಸ್‌ಟಿಡಿ ಬೂತುಗಳಿದ್ದಲ್ಲೆಲ್ಲ ಪ್ಲೈವುಡ್ ಗೂಡುಗಳು ಎದ್ದು, ಒಳಗಿನಿಂದ ಬಂದೂಕಿನ ಸದ್ದು ಬರುತ್ತಿತ್ತು. ಪಾಲಕರು ಹೆದರಿದ್ದರು. ಆಟದಿಂದ ಮಕ್ಕಳು ಕೆಡುತ್ತಾರೆಯೇ ಇಲ್ಲವೇ, ಯಾರಾದರೂ ಅಳೆದು ಹೇಳಬೇಕಿತ್ತು.

ಅಳೆಯುವುದು ಹೇಗೆ ಎಂಬುದೇ ತೊಡಕು. ಮೊದಲು ಪ್ರಶ್ನಾವಳಿ ಹಂಚಿದಳು. 'ನಿಮಗೆ ಬೇಗ ಸಿಟ್ಟು ಬರುತ್ತದೆಯೇ?' ಎಂಬ ಪ್ರಶ್ನೆಗೆ ಹುಡುಗರೆಲ್ಲ 'ಇಲ್ಲ' ಎಂದು ಬರೆದರು. ಪೆನ್ನಿಗಾಗಿ ಪಕ್ಕದವನ ಅಂಗಿ ಹರಿದವನೂ ಹರಿದ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ 'ಇಲ್ಲ' ಎಂದು ಬರೆದ.

ಆಗ ಅವಳ ಮಾರ್ಗದರ್ಶಕ ಪ್ರೊಫೆಸರ್ ದುಂಡಪ್ಪ ಒಂದು ವಿದೇಶಿ ಪತ್ರಿಕೆಯ ಝೆರಾಕ್ಸ್ ತಂದರು. ದುಂಡಪ್ಪ ಸರ್ ದಪ್ಪ ಕನ್ನಡಕದ, ಸದಾ ಖುಷಿಯಲ್ಲಿರುವ ಮನುಷ್ಯ. ಹೊಸದೇನು ಓದಿದರೂ ಕಾರಿಡಾರಿನಲ್ಲಿ ಅರ್ಧ ಓಡುತ್ತ ಬರುವವರು.

"ಇಲ್ಲೆ ನೋಡ್ರಿ ಪ್ರಮಿಳಾ. ಅಲ್ಲಿಯವ್ರು ಸಿಟ್ಟನ್ನ ಖಾರದಿಂದ ಅಳದಾರ. ಇನ್ನೊಬ್ಬರ ತಾಟಿಗೆ ಖಾರದ ಸಾಸ್ ಹಾಕು ಅಂತ ಹೇಳತಾರ. ಅಂವಗ ಖಾರ ಆಗೂದಿಲ್ಲ, ಆದ್ರ ಹಾಕಿದ್ದಷ್ಟೂ ತಿನ್ನಬೇಕು ಅಂತನೂ ಹೇಳತಾರ. ಸಿಟ್ಟು ಇದ್ದವ್ರು ಹೆಚ್ಚು ಹಾಕತಾರ. ತೂಗಿದರ ಮುಗೀತು, ಸಿಟ್ಟು ಗ್ರಾಂನ್ಯಾಗ ಬಂತು."

"ನಮ್ಮಲ್ಲೆ ಸಾಸ್ ಎಲ್ಲೈತ್ರಿ ಸರ್?"

"ನಿಮ್ಮ ಅತ್ತಿ ರಂಜಕ ಐತಲ್ಲ. ನನಗ ಹೋದ ವರ್ಷ ಕೊಟ್ಟಿದ್ರಲ್ಲ, ಇನ್ನಾ ನೆನಪೈತಿ."

ಟಿಳಕವಾಡಿಯ ಮೊದಲ ರೈಲ್ವೆ ಗೇಟಿನ ಹತ್ತಿರ ಮೈಲಾರಲಿಂಗನ ಸೈಬರ್ ಅಂಗಡಿ. ಮೈಲಾರಲಿಂಗ ಮೊದಲು ಕ್ಯಾಸೆಟ್ ಮಾರುತ್ತಿದ್ದವನು. ಈಗ ಎಂಟು ಕಂಪ್ಯೂಟರುಗಳನ್ನು ವೈರಿನಿಂದ ಒಂದಕ್ಕೊಂದು ಕಟ್ಟಿ, ಎಂಟು ಜನ ಒಬ್ಬರನ್ನೊಬ್ಬರು ಹುಡುಕಿ ಗುಂಡು ಹೊಡೆಯುವ ಆಟ ಹಾಕಿದ್ದ. ಪ್ರಮಿಳಾ ಬಂದು ಪರಿಚಯ ಹೇಳಿಕೊಂಡಾಗ ಅವನ ಮುಖ ಸಣ್ಣದಾಯಿತು.

"ಅಂಗಡಿ ಬಂದ್ ಮಾಡಸಾಕ ಬಂದೀರೇನ್ರಿ ಮೇಡಂ?"

"ಇಲ್ಲಪಾ. ಖರೇ ಏನಂತ ತಿಳಕೊಳ್ಳಾಕ ಬಂದೀನಿ."

"ಹಂಗಾದ್ರ ಒಂದ ಕೈ ಆಡ್ರಿ. ಆಡದ ಹೆಂಗ ತಿಳೀತದ?"

ಮಾತು ನ್ಯಾಯವಾಗಿತ್ತು. ಪ್ರಮಿಳಾ ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಪರದೆಯ ಮೇಲೆ ಅವಳ ಹೆಸರನ್ನು 'ಮೇಡಂ' ಎಂದು ಬರೆದವನು ಸಂಜಯ. ಡಿಪ್ಲೊಮಾ ಓದುವ ಉದ್ದನೆಯ ಹುಡುಗ, ಆ ಅಂಗಡಿಯಲ್ಲಿ ಅವನೇ ಎಲ್ಲರಿಗಿಂತ ಗಟ್ಟಿ ಆಟಗಾರ. ಮೊದಲ ದಿನ ಅವಳು ಗೋಡೆಗೆ ಮುಖ ಮಾಡಿ ನಿಂತು, ಗೋಡೆಗೇ ಗುಂಡು ಹೊಡೆದಳು.

"ಮೇಡಂ, ಹೊಳ್ಳಿ ನೋಡ್ರಿ. ನಿಮ್ಮ ಹಿಂದ ನಾ ಅದೀನಿ," ಎಂದ ಸಂಜಯ.

"ಹೊಳ್ಳೂದು ಹೆಂಗ?"

"ಬ್ಯಾಡ ಬಿಡ್ರಿ, ಈಗ ಮುಗೀತು. ಸತ್ರಿ."

ಯಾರಾದರೂ ಸತ್ತಾಗ ಹೆಸರು ಹಿಡಿದು ಕೂಗುವುದು ಆ ಅಂಗಡಿಯ ಪದ್ಧತಿ. ಹೀಗಾಗಿ 'ಮೇಡಂ ಸತ್ರು' ಎಂಬ ಕೂಗು ರಸ್ತೆಗೂ ಕೇಳುತ್ತಿತ್ತು. ಒಮ್ಮೆ ಆ ದಾರಿಯಲ್ಲಿ ಹೊರಟಿದ್ದ ಕಾಲೇಜಿನ ಗ್ರಂಥಪಾಲಕಿ ಗಾಬರಿಯಾಗಿ ಒಳಗೆ ಬಂದರೆ, ಸತ್ತ ಮೇಡಂ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಮತ್ತೆ ಹುಟ್ಟಿ ಬರುವುದನ್ನು ಕಾಯುತ್ತಿದ್ದಳು. "ಸಂಶೋಧನಾ," ಎಂದಳು ಪ್ರಮಿಳಾ, ಪರದೆಯಿಂದ ಕಣ್ಣು ತೆಗೆಯದೆ.

ಸಂಶೋಧನೆ ಎನ್ನುವುದು ಸುಳ್ಳಲ್ಲ. ಆದರೆ ಎರಡನೆಯ ವಾರದಲ್ಲಿ ಅವಳು ಸಂಜಯನನ್ನು ಮೆಟ್ಟಿಲ ಕೆಳಗೆ ಅಡಗಿ ಕುಳಿತು ಹೊಡೆದ ದಿನ, ಖಾನಾಪುರದ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಬಂದಳು. ಪಕ್ಕದಲ್ಲಿ ಕುಳಿತ ಮುದುಕಿ ಏನಾಯಿತೆಂದು ಕೇಳಿದಾಗ "ಒಬ್ಬಂವನ್ನ ಹೊಡದೆರಿ ಅಜ್ಜಿ" ಎಂದು ಹೇಳಿಯೂಬಿಟ್ಟಳು. ಮುದುಕಿ ಎದ್ದು ಮುಂದಿನ ಸೀಟಿಗೆ ಹೋದಳು.

ಪ್ರಯೋಗ ಹೀಗಿತ್ತು. ಅರ್ಧದಷ್ಟು ಹುಡುಗರು ಗುಂಡಿನ ಆಟ ಆಡಬೇಕು, ಉಳಿದರ್ಧ ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಜೋಡಿಸುವ ಶಾಂತ ಆಟ. ಆಮೇಲೆ ಒಬ್ಬೊಬ್ಬರಾಗಿ, ಮೈಲಾರಲಿಂಗ ಕೆಟ್ಟ ಮಾನಿಟರುಗಳನ್ನು ಒಟ್ಟಿದ್ದ ಹಿಂದಿನ ಕೋಣೆಗೆ ಬರಬೇಕು. ಅಲ್ಲಿ ಮೇಜಿನ ಮೇಲೆ ಒಂದು ತಾಟು, ತಾಟಿನಲ್ಲಿ ಜೋಳದ ರೊಟ್ಟಿ, ಪಕ್ಕದಲ್ಲಿ ಕಾಡವ್ವನ ಭರಣಿ, ಒಂದು ಚಮಚ. ಬಟ್ಟೆಯ ಪರದೆಯ ಆಚೆ ಒಬ್ಬರು ಕುಳಿತಿದ್ದಾರೆ, ಖಾರ ತಿಂದು ರೂಢಿ ಇಲ್ಲದವರು, ಆದರೆ ಬಡಿಸಿದ್ದಷ್ಟನ್ನೂ ತಿನ್ನಲು ಒಪ್ಪಿದ್ದಾರೆ, ನಿಮಗೆ ತಿಳಿದಷ್ಟು ಬಡಿಸಿ ಎಂದು ಪ್ರಮಿಳಾ ಹೇಳುವಳು. ಆಚೆ ನಿಜವಾಗಿ ಯಾರೂ ಇರುತ್ತಿರಲಿಲ್ಲ. ಈ ಸುಳ್ಳು ಸ್ವಲ್ಪ ಸಪ್ಪೆಯಾಯಿತು, ಯಾರೂ ನಂಬಲಿಕ್ಕಿಲ್ಲ ಎಂದು ದುಂಡಪ್ಪ ಸರ್ ತಾವಾಗಿ ಒಂದು ಮಾತು ಸೇರಿಸಿದರು: "ಲೋಂಡಾ ಜಂಕ್ಷನ್ನಿಂದ ಬೆಳಗಿನ ಗಾಡಿಗೆ ಬಂದಾರ ಅಂತ ಹೇಳ್ರಿ. ಖರೇ ಅನಸ್ತದ."

ಖರೇ ಎಂದೇ ಎಲ್ಲರಿಗೂ ಅನ್ನಿಸಿತು. ಇಟ್ಟಿಗೆಯ ಆಟ ಮುಗಿಸಿ ಬಂದ ಒಬ್ಬ ಚಮಚದ ತುಂಬ ಎರಡು ಸಲ ಬಡಿಸಿ, ಸುತ್ತಲೂ ನೋಡಿ ಕೇಳಿದ, "ಎಣ್ಣಿ ಎಲ್ಲೈತ್ರಿ ಮೇಡಂ? ಬರೇ ರಂಜಕಾ ಹೆಂಗ ಕೊಡೂದು?" ಇನ್ನೊಬ್ಬ ರೊಟ್ಟಿ ಆರಿದೆ ಎಂದು ಬೇಜಾರು ಮಾಡಿಕೊಂಡ. ಮತ್ತೊಬ್ಬ ಪರದೆಯ ಹತ್ತಿರ ಹೋಗಿ, ಯಾರೂ ಇಲ್ಲದ ಕೋಣೆಗೆ, "ನೀರು ಬೇಕೇನ್ರಿ?" ಎಂದ. ಗುಂಡಿನ ಆಟದವರು ಹಾಗಲ್ಲ. ಚಮಚದ ತುದಿಯಲ್ಲಿ ಇಷ್ಟು ತೆಗೆದು ತಾಟಿಗೆ ಹಚ್ಚಿ, ಬಂದಷ್ಟೇ ವೇಗದಲ್ಲಿ ವಾಪಸ್ಸಾದರು. ಪ್ರಮಿಳಾ ತೂಗಿದಳು, ಬರೆದುಕೊಂಡಳು. ಎಣ್ಣೆ ಕೇಳಿದ್ದನ್ನು ಬರೆಯಲು ಅವಳ ಕೋಷ್ಟಕದಲ್ಲಿ ಕಾಲಂ ಇರಲಿಲ್ಲ.

ತೂಗಿದ ರಂಜಕವನ್ನು ಚೆಲ್ಲುವುದುಂಟೇ? ಡಬ್ಬಿಯಲ್ಲಿ ಹಾಕಿಕೊಂಡು ಸಂಜೆ ಮನೆಗೆ ತರುತ್ತಿದ್ದಳು. ಗಜಾನನ ಊಟಕ್ಕೆ ಕುಳಿತು, ಬಸ್ ನಿಲ್ದಾಣದ ಧ್ವನಿಯಲ್ಲಿ ಕೇಳುತ್ತಿದ್ದ:

"ಇವತ್ತು ಎಷ್ಟು ಗ್ರಾಂ ಸಿಟ್ಟು ಬಂದೈತಿ?"

"ಹಂಗ ಚಾಷ್ಟಿ ಮಾಡಬ್ಯಾಡ್ರಿ. ಅದು ದತ್ತಾಂಶ."

"ದತ್ತಾಂಶ ಭಾಳ ರುಚಿ ಐತಿ. ಇನ್ನೊಂದೀಟ ಹಾಕು."

ಬೇಸಿಗೆ ಮುಗಿಯುವ ಹೊತ್ತಿಗೆ ಅಂಕಿಗಳೆಲ್ಲ ಒಟ್ಟಾದವು. ಪ್ರಮಿಳಾ ಕೂಡಿಸಿದಳು, ಭಾಗಿಸಿದಳು, ಮತ್ತೆ ಮೊದಲಿನಿಂದ ಕೂಡಿಸಿದಳು. ಗುಂಡು ಹೊಡೆದವರು ಬಡಿಸಿದ್ದು ಚೂರು. ಶಾಂತವಾಗಿ ಇಟ್ಟಿಗೆ ಜೋಡಿಸಿದವರು ಬಡಿಸಿದ್ದು ಅದರ ಮೂರು ಪಟ್ಟು. ಅಂದರೆ ಜಗತ್ತು ತಿಳಿದದ್ದಕ್ಕೆ ಪೂರ್ತಿ ಉಲ್ಟಾ: ಹಿಂಸೆಯ ಆಟ ಆಡಿದವರೇ ಮೆತ್ತಗಾಗಿದ್ದರು, ಒಳಗಿನ ಸಿಟ್ಟೆಲ್ಲ ಗುಂಡಿನ ಜೊತೆ ಹೊರಗೆ ಹೋಗಿತ್ತು.

ದುಂಡಪ್ಪ ಸರ್ ಅಂಕಿ ನೋಡಿ ಕುರ್ಚಿಯಿಂದ ಎದ್ದರು, ಕೂತರು, ಮತ್ತೆ ಎದ್ದರು. "ಪ್ರಮಿಳಾ, ಇದು ಸಾದಾ ಪಿಎಚ್‌.ಡಿ. ಅಲ್ಲ," ಎಂದರು. ಅವಳಿಗೂ ಅಷ್ಟರಲ್ಲಿ ತಲೆ ತಿರುಗಿತ್ತು. ಇಬ್ಬರೂ ಗೋವಾವೇಸ್ ಸರ್ಕಲ್ಲಿನವರೆಗೆ ನಡೆದುಹೋಗಿ ಐಸ್‌ಕ್ರೀಂ ತಿಂದರು. ಸರ್ ತಮ್ಮದನ್ನು ಕೈಯಲ್ಲಿ ಹಿಡಿದು ಮಾತಾಡುತ್ತಲೇ ಇದ್ದು, ಅದು ಮೊಣಕೈವರೆಗೂ ಇಳಿದಿತ್ತು.

ಸುದ್ದಿ ಹರಡಲು ತಡವಾಗಲಿಲ್ಲ. ಪಾಲಕರ ಸಂಘದವರು ಜೂನ್ ತಿಂಗಳ ಒಂದು ಭಾನುವಾರ ಕಾಲೇಜಿನ ಸಭಾಂಗಣದಲ್ಲಿ ಅವಳ ಉಪನ್ಯಾಸ ಇಟ್ಟರು. ಆಡಳಿತ ಮಂಡಳಿಯವರೂ ಬರುವವರಿದ್ದರು. ಆ ದಿನದ ಮಾತಿನ ಮೇಲೆ ಕಾಯಂ ಹುದ್ದೆಯ ತೀರ್ಮಾನ ಎಂದು ಕಾರಿಡಾರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಮೂರು ದಿನ ಮೊದಲು ಸ್ಥಳೀಯ ಪತ್ರಿಕೆಯೊಂದರಲ್ಲಿ ಫೋಟೊ ಸಹಿತ ಬಂತು: 'ಗುಂಡಿನ ಆಟ ಆಡಿದವರೇ ಮೃದು: ಖಾನಾಪುರದ ಸಂಶೋಧಕಿಯ ಅಚ್ಚರಿ'. ಮೈಲಾರಲಿಂಗ ಅದನ್ನು ಕತ್ತರಿಸಿ ಅಂಗಡಿಯ ಬಾಗಿಲಿಗೆ ಹಚ್ಚಿ, ಕೆಳಗೆ ಸ್ಕೆಚ್ ಪೆನ್ನಿನಲ್ಲಿ 'ಇಲ್ಲಿ ಆಡಿರಿ, ಮೃದು ಆಗಿರಿ' ಎಂದು ಬರೆದ.

ಆ ಗುರುವಾರ ಸಂಜೆ ಪ್ರಮಿಳಾ ಪತ್ರಿಕೆ ಹಿಡಿದು ಮನೆಗೆ ಬಂದಾಗ ಮನೆ ಶಾಂತವಾಗಿತ್ತು. ಕಾಡವ್ವ ಮಾತಾಡಲಿಲ್ಲ. ಅದೇನು ಹೊಸದಲ್ಲ. ಊಟಕ್ಕೆ ಕೂತರು. ಪ್ರಮಿಳಾಳ ತಾಟಿನಲ್ಲಿ ರೊಟ್ಟಿ, ಬೇಳೆ, ಅನ್ನ. ಗಜಾನನನ ತಾಟಿನಲ್ಲೂ ರೊಟ್ಟಿ, ಬೇಳೆ, ಅನ್ನ. ಬೇಳೆಗೆ ಒಗ್ಗರಣೆಯಲ್ಲಿ ಒಂದು ಮೆಣಸಿನಕಾಯಿಯೂ ಇರಲಿಲ್ಲ. ಗಜಾನನ ತಾಟಿನ ಆ ಮೂಲೆಯನ್ನು, ಎಂದೂ ಖಾಲಿ ಇರದ ಮೂಲೆಯನ್ನು, ಬಸ್ಸು ಬರದ ಪ್ಲಾಟ್‌ಫಾರಂ ನೋಡಿದಂತೆ ನೋಡಿದ.

"ಯವ್ವಾ, ರಂಜಕ?"

"ಬ್ಯಾಡಪಾ," ಎಂದಳು ಕಾಡವ್ವ. "ಅದು ತಿಂದ್ರ ಮಂದೀಗೆ ತ್ರಾಸ ಆಕ್ಕೈತಂತ. ಪೇಪರ್‌ನ್ಯಾಗ ಬಂದೈತಿ."

ಪಕ್ಕದ ಮನೆಯ ಸಾವಂತ್ರವ್ವ ಮಧ್ಯಾಹ್ನ ಬಂದು ಪತ್ರಿಕೆಯನ್ನು ಗಟ್ಟಿಯಾಗಿ ಓದಿದ್ದಳು. 'ಸಂಶೋಧಕಿಯ ಅತ್ತೆ ತಯಾರಿಸಿದ ರಂಜಕವನ್ನು, ಒಬ್ಬರು ಇನ್ನೊಬ್ಬರಿಗೆ ಎಷ್ಟು ನೋವು ಕೊಡಬಯಸುತ್ತಾರೆ ಎಂಬುದನ್ನು ಅಳೆಯಲು ಬಳಸಲಾಯಿತು' ಎಂಬ ವಾಕ್ಯವನ್ನು ಕಾಡವ್ವ ಎರಡು ಸಲ ಓದಿಸಿದ್ದಳು.

"ಅತ್ತಿ, ಅದು ಹಂಗಲ್ರಿ," ಎಂದಳು ಪ್ರಮಿಳಾ. "ಅದು ಒಂದು ವಿಧಾನ."

"ಐವತ್ತು ವರ್ಷ ಮಂದಿ ತಾಟಿಗೆ ಹಾಕೇನಿ. ನೋವು ಕೊಡಾಕ ಹಾಕೇನಿ ಅಂತ ಇವತ್ತ ಗೊತ್ತಾತು. ಉಣ್ಣು. ಬ್ಯಾಳಿ ಆರತೈತಿ."

ಗಜಾನನ ತಾಯಿಯ ಕಡೆ ಒಮ್ಮೆ, ಹೆಂಡತಿಯ ಕಡೆ ಒಮ್ಮೆ ನೋಡಿ, ತನ್ನ ಕೈಗೆ ಏನೂ ಬರುವಂತಿಲ್ಲ ಎಂದು ತಿಳಿದು ಮೆಲ್ಲಗೆ ಹೇಳಿದ, "ಅವ್ವಗ ಸಿಟ್ಟು ಬಂದೈತಿ. ನಮ್ಮಪ್ಪನ ಕೂಡ ಜಗಳ ಆದಾಗೂ ಹಿಂಗ. ಎಂಟೆಂಟು ದಿನ ಸಪ್ಪನ ಬ್ಯಾಳಿ."

ಪ್ರಮಿಳಾ ಬಾಯಿಗೆ ಒಯ್ದ ತುತ್ತನ್ನು ಹಾಗೆಯೇ ಹಿಡಿದಳು.

ಈ ಮನೆಯಲ್ಲಿ ಸಿಟ್ಟು ಬಂದರೆ ರಂಜಕ ತಾಟಿಗೆ ಬರುವುದಿಲ್ಲ. ತನ್ನ ತೌರಿನಲ್ಲೂ ಹಾಗೆಯೇ. ಓಣಿಯಲ್ಲಿ, ಊರಿನಲ್ಲಿ, ಯಾರ ಮನೆಯಲ್ಲಾದರೂ ಹಾಗೆಯೇ. ಬಂದವರಿಗೆ ಖಾರ ಕಡಿಮೆ ಹಾಕುವುದೆಂದರೆ ಬರಬಾರದಿತ್ತು ನೀವು ಎಂದಂತೆ. ಅದರಲ್ಲೂ ಲೋಂಡಾದಿಂದ ಬೆಳಗಿನ ಗಾಡಿಗೆ ಬಂದವರಿಗೆ. ಖಾರ ರೂಢಿಯಿಲ್ಲ ಅಂತಾರೆ, ಸಂಕೋಚಕ್ಕೆ ಅಂತಾರೆ, ನಾವೇ ತಿಳಿದು ಹಾಕಬೇಕು. ಎಣ್ಣೆ ಎಲ್ಲಿ ಎಂದು ಕೇಳಿದ ಹುಡುಗ ನೆನಪಾದ. ನೀರು ಬೇಕೇ ಎಂದು ಖಾಲಿ ಕೋಣೆಯನ್ನು ಕೇಳಿದವನು ನೆನಪಾದ. ಮೂರು ತಿಂಗಳು ಬಂಗಾರದ ತಕ್ಕಡಿಯಲ್ಲಿ ಅವಳು ಗ್ರಾಂ ಗ್ರಾಂ ಲೆಕ್ಕ ಮಾಡಿ ತೂಗಿದ್ದು ಸಿಟ್ಟನ್ನಲ್ಲ. ಬೆಳಗಾವಿಯ ಹುಡುಗರ ಮರ್ಯಾದೆಯನ್ನು.

ಅವಳಿಗೆ ನಗು ಬಂತು. ನಗುತ್ತಲೇ, ಭಾನುವಾರ ಎಂಬುದು ಮೂರೇ ದಿನದ ಆಚೆ ಇದೆ ಎಂದೂ ನೆನಪಾಯಿತು. ಅತ್ತೆಗೆ ಆ ನಗು ಸೇರಲಿಲ್ಲ. ಅನ್ನದ ಮೇಲೆ ಇನ್ನೊಂದು ಸೌಟು ಸಪ್ಪೆ ಬೇಳೆ ಬಿತ್ತು.

ಶುಕ್ರವಾರ ಮೈಲಾರಲಿಂಗನ ಅಂಗಡಿಯಲ್ಲಿ ಅವಳು ಸಂಜಯನ ಕುರ್ಚಿಯ ಹಿಂದೆ ನಿಂತಳು.

"ಸಂಜಯ, ಅವತ್ತು ರಂಜಕ ಅಷ್ಟ ಚೂರು ಯಾಕ ಹಾಕಿದಿ?"

"ಆಟ ನಿಂತಿದ್ದಿಲ್ರೀ ಮೇಡಂ. ನಾ ಎದ್ದ ಬಂದೆ, ಇಲ್ಲೆ ಇವ್ರು ನನ್ನ ಹೊಡ್ಯಾಕತ್ತಿದ್ರು. ಲಗೂನ ವಾಪಸ್ ಹೋಗಬೇಕಿತ್ತು." ಅವನು ಪರದೆಯಿಂದ ಕಣ್ಣು ಕಿತ್ತು ಮೊದಲ ಸಲ ಹಿಂದೆ ತಿರುಗಿದ. "ಯಾಕ್ರಿ, ಅವ್ರು ಹಸದ ಹೋದ್ರೇನು? ಲೋಂಡಾದವ್ರು?"

"ಅವ್ರು ಇದ್ದಿಲ್ಲಪಾ. ಸುಳ್ಳ."

"ಸುಳ್ಳ?" ಸಂಜಯನ ಮುಖದಲ್ಲಿ ಎಷ್ಟೋ ದಿನದ ಭಾರ ಇಳಿದಂತಾಯಿತು. "ನಾ ಆಮ್ಯಾಲ ಎರಡ ದಿನ ಅದನ್ನ ಅನ್ಕೊಂಡೆ ನೋಡ್ರಿ. ಛೆ, ಪಾಪ, ಹಿರೇ ಮನಿಷಾಗ ಒಣಾ ರೊಟ್ಟಿ ಕೊಟ್ಟ ಬಂದೆ ಅಂತ." ಅಷ್ಟರಲ್ಲಿ ಯಾರೋ ಅವನನ್ನು ಹೊಡೆದರು. 'ಸಂಜ್ಯಾ ಸತ್ತ' ಎಂಬ ಕೂಗೆದ್ದಿತು. ಸಿಕ್ಕ ಹುಡುಗರನ್ನೆಲ್ಲ ಅವಳು ಅಂದೇ ಕೇಳಿದಳು. ಗುಂಡಿನ ಆಟದವರದೆಲ್ಲ ಒಂದೇ ಉತ್ತರ: ಅವಸರ.

ಶನಿವಾರ ದುಂಡಪ್ಪ ಸರ್ ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಒರೆಸಿದರು. ಕನ್ನಡಕ ಮತ್ತೆ ಮೂಗಿಗೇರುವಷ್ಟರಲ್ಲಿ ಅವರ ಮುಖ ಅರಳಿತ್ತು.

"ಹಂಗಾರ ತಿರುವಿ ಓದೂಣು. ಇಲ್ಲಿ ಕಡಿಮಿ ಬಡಿಸಿದವ್ರ ಸಿಟ್ಟಿನವ್ರು. ಗುಂಡು ಹೊಡದವ್ರು ಕಡಿಮಿ ಬಡಿಸ್ಯಾರ. ಅಂದ್ರ ಆಟದಿಂದ ಸಿಟ್ಟು ಬರ್ತೈತಿ. ಮೊದಲ ಮಂದಿ ಅನ್ಕೊಂಡಿದ್ದ ಖರೇ ಆತು. ಪಾಲಕರೂ ಖುಷ್, ಮಂಡಳಿನೂ ಖುಷ್. ಅಂಕಿ ಒಂದೂ ಬದಲಿ ಮಾಡೂದು ಬ್ಯಾಡ."

ಒಂದು ಕಪ್ ಚಹಾ ಮುಗಿಯುವವರೆಗೆ ಪ್ರಮಿಳಾಳಿಗೆ ಮತ್ತೆ ತಲೆ ತಿರುಗಿತು. ಅದೇ ಅಂಕಿ, ಅದೇ ತಕ್ಕಡಿ, ಮೊನ್ನೆ ಒಂದು ಹೇಳಿತ್ತು, ಇವತ್ತು ಇನ್ನೊಂದು ಹೇಳುತ್ತಿತ್ತು. ಎರಡೂ ಕಡೆಗೆ ಅವಳ ಕಾಯಂ ಹುದ್ದೆ ಕೈ ಚಾಚಿ ನಿಂತಂತಿತ್ತು.

"ಇಲ್ರಿ ಸರ್," ಎಂದಳು ಕಡೆಗೆ. "ಸಂಜಯ ಸಿಟ್ಟಿಲೆ ಕಡಿಮಿ ಹಾಕಿಲ್ಲ. ಅವಸರಕ್ಕ ಹಾಕ್ಯಾನ."

"ಒಬ್ಬಂವ."

"ಎಲ್ಲಾರನೂ ಕೇಳೀನ್ರಿ."

ಸರ್ ಕಿಟಕಿಯ ಹೊರಗೆ ನೋಡಿದರು. "ಆ ಲೋಂಡಾದ ಮಾತು ನಂದ," ಎಂದರು ಸಣ್ಣ ದನಿಯಲ್ಲಿ.

"ಆ ರಂಜಕ ನಮ್ಮದ್ರಿ," ಎಂದಳು ಪ್ರಮಿಳಾ. "ಇಬ್ಬರೂ ಕೂಡೇ ಕೆಡಿಸೀವಿ."

ಭಾನುವಾರ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಆಡಳಿತ ಮಂಡಳಿ, ಅದರ ಹಿಂದೆ ಪಾಲಕರು, ಗೋಡೆಗೆ ಒರಗಿ ಹುಡುಗರು. ಗಜಾನನ ತಾಯಿಯನ್ನು ಖಾನಾಪುರದ ಬಸ್ಸಿನಲ್ಲಿ ಕರೆತಂದಿದ್ದ. ಏನೂ ಹೇಳದೆ, ಬೆಳಗಾವಿಗೆ ಹೋಗೂಣು ಅಂದದ್ದಷ್ಟೇ. ಕಾಡವ್ವ ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ, ವರನ ಕಡೆಯವರ ಮನೆಗೆ ಬಂದವಳಂತೆ, ಯಾರ ಕಡೆಗೂ ನೋಡದೆ ಕುಳಿತಿದ್ದಳು. ಉಪನ್ಯಾಸ ಶುರುವಾಗುವ ಮೊದಲೇ ಮೈಲಾರಲಿಂಗ ವೇದಿಕೆ ಹತ್ತಿ ಬಂದು ಪ್ರಮಿಳಾಳಿಗೆ ಶಾಲು ಹೊದಿಸಿದ, ಹಾರ ಹಾಕಿದ, ಫೋಟೊ ತೆಗೆಸಿಕೊಂಡ.

"ಮೈಲಾರಲಿಂಗಣ್ಣ, ಇದನ್ನ ಆಮ್ಯಾಲ ಹೊಚ್ಚಸ್ರಿ," ಎಂದಳು ಅವಳು ಮೆಲ್ಲಗೆ. "ಪೂರಾ ಕೇಳಿದ ಮ್ಯಾಲ."

"ಇರಲಿ ಬಿಡ್ರಿ ಮೇಡಂ, ಒಳ್ಳೇ ಶಾಲ ಐತಿ."

ಆ ಶಾಲು ಹೊದ್ದೇ ಅವಳು ನಿಜ ಹೇಳಿದಳು. ಮೊದಲಿನಿಂದ, ಒಂದನ್ನೂ ಬಿಡದೆ: ಝೆರಾಕ್ಸ್, ಸಾಸ್, ಭರಣಿ, ಲೋಂಡಾದ ಬೆಳಗಿನ ಗಾಡಿ, ಎಣ್ಣೆ ಕೇಳಿದ ಹುಡುಗ, ರಸಾಯನಶಾಸ್ತ್ರ ವಿಭಾಗದ ತಕ್ಕಡಿ. ಎಣ್ಣೆಯ ಮಾತು ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಖಾಲಿ ಕೋಣೆಗೆ ನೀರು ಕೇಳಿದ್ದು ಬಂದಾಗ ಅರ್ಧ ಸಭೆ ನಕ್ಕಿತು. ಆಮೇಲೆ ಅವಳು ಗುರುವಾರದ ಊಟಕ್ಕೆ ಬಂದಳು.

"ನಮ್ಮ ಅತ್ತೆಯವರು ಐವತ್ತು ವರ್ಷದಿಂದ ಮಂದಿಯ ತಾಟಿಗೆ ರಂಜಕ ಹಾಕುತ್ತಿದ್ದಾರೆ. ಅದು ನೋವು ಕೊಡುವ ವಸ್ತು ಎಂದು ಪತ್ರಿಕೆಯಲ್ಲಿ ಬಂದದ್ದು ನನ್ನಿಂದ. ಅಂದು ನನ್ನ ತಾಟಿಗೆ ರಂಜಕ ಬರಲಿಲ್ಲ. ಅದರಿಂದ ನನಗೆ ತಿಳಿದದ್ದು ಇಷ್ಟು: ನಾನು ಇಷ್ಟು ದಿನ ಸಿಟ್ಟನ್ನು ಅಳೆದಿಲ್ಲ. ಬಂದವರನ್ನು ನಮ್ಮ ಹುಡುಗರು ಹೇಗೆ ನೋಡಿಕೊಳ್ಳುತ್ತಾರೆ ಎಂಬುದನ್ನು ಅಳೆದಿದ್ದೇನೆ. ಆ ಮಟ್ಟಿಗೆ ನಿಮ್ಮ ಮಕ್ಕಳು ಚಲೋ ಇದ್ದಾರೆ. ಗುಂಡಿನ ಆಟ ಆಡಿದವರಿಗೆ ಅವಸರ ಜಾಸ್ತಿ. ಆಟದಿಂದ ಸಿಟ್ಟು ಬರುತ್ತದೋ ಇಲ್ಲವೋ, ನನಗೆ ಇನ್ನೂ ಗೊತ್ತಿಲ್ಲ. ಪತ್ರಿಕೆಯಲ್ಲಿ ಬಂದದ್ದು ತಪ್ಪು."

ಕಾಡವ್ವ ಸೆರಗನ್ನು ಬಾಯಿಗೆ ಹಿಡಿದಿದ್ದಳು; ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಗಜಾನನ ಗಾಬರಿಯಿಂದ ಬಗ್ಗಿ ನೋಡಿದರೆ ಅವಳು ನಗುತ್ತಿದ್ದಳು. ನಡುವಿನ ಸಾಲಿನಿಂದ ಒಬ್ಬ ಪಾಲಕ ಎದ್ದು ನಿಂತ.

"ಹಂಗಾದ್ರ ಮೇಡಂ, ಖಾರ ಬ್ಯಾಡ, ಸಿಹಿ ಕುಂದಾ ಇಡ್ರಿ. ಯಾರು ಚೂರು ಕೊಡತಾರ, ಅವ್ರ ಸಿಟ್ಟಿನವ್ರು."

"ಕುಂದಾ ಯಾರ ಬಿಡತಾರ್ರಿ?" ಎಂದ ಇನ್ನೊಬ್ಬ. "ಎಲ್ಲಾ ತಾವ ತಿಂತಾರ. ಅದು ಸಿಟ್ಟಲ್ಲ, ದುರಾಸಿ."

"ಬಸ್ಸಿನ್ಯಾಗ ಕರ್ಚೀಫ್ ಹಾಕಿ ಸೀಟ ಹಿಡೀತಾರಲ್ಲ, ಅದನ್ನ ತಗದ ನೋಡ್ರಿ. ಸಿಟ್ಟು ಮಾಪಕ ಅಂದ್ರ ಅದ."

ಈ ಮಾತಿಗೆ ಗಜಾನನ ತನ್ನ ಬಸ್ ನಿಲ್ದಾಣದ ಧ್ವನಿಯಲ್ಲಿ, ಮೈಕಿಲ್ಲದೆಯೇ ಸಭಾಂಗಣದ ತುದಿಗೆ ಕೇಳುವಂತೆ, "ಅದು ಖರೇ ಐತ್ರಿ" ಎಂದ. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಸಿಟ್ಟನ್ನು ಅಳೆಯುವ ಬಗೆ ಎಲ್ಲರಿಗೂ ಒಂದೊಂದು ಗೊತ್ತಿತ್ತು. ಕರೆಂಟು ತೆಗೆಯಿರಿ ಎಂದರು, ಕ್ರಿಕೆಟ್ ನಡೆದಾಗ ಟಿವಿ ಆರಿಸಿರಿ ಎಂದರು. ಇಬ್ಬರು ಪಾಲಕರ ನಡುವೆ ಖಾರದ ವಿಷಯದಲ್ಲೇ ಮಾತು ಬೆಳೆಯಿತು. ಬೆಳ್ಳುಳ್ಳಿ ಹಾಕದ ರಂಜಕ ರಂಜಕವೇ ಅಲ್ಲ ಎಂಬ ಜಗಳದಲ್ಲಿ ಒಬ್ಬರ ಮುಖ ಕೆಂಪಾದದ್ದನ್ನು ದುಂಡಪ್ಪ ಸರ್ ಚೀಟಿಯಲ್ಲಿ ಬರೆದುಕೊಂಡರು. ಇಡೀ ಪ್ರಯೋಗದಲ್ಲಿ ಕಣ್ಣಾರೆ ಕಂಡ ಮೊದಲ ಸಿಟ್ಟು ಅದು.

ಆಡಳಿತ ಮಂಡಳಿಯ ಹಿರಿಯರು ಹೊರಡುವಾಗ ಪ್ರಮಿಳಾಳ ಎದುರು ನಿಂತರು. ಕಾಯಂ ಬಗ್ಗೆ ಏನೂ ಹೇಳಲಿಲ್ಲ. "ನೋಂದಣಿ ಒಂದು ವರ್ಷ ಮುಂದ ಹಾಕಸ್ರಿ, ಅಲ್ಲೀತನಾ ನಿಮ್ಮ ಕೆಲಸಾನೂ ಇರ್ತದ," ಎಂದಷ್ಟೇ ಹೇಳಿ, ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿದರು. "ಆ ಭರಣಿ ಇನ್ನಾ ಉಳದೈತೇನ್ರಿ?"

"ಅರ್ಜಿನ್ಯಾಗ ಕಾರಣ ಏನಂತ ಬರೀಲ್ರಿ?" ಎಂದು ದುಂಡಪ್ಪ ಸರ್ ಅವಳ ಕಿವಿಯಲ್ಲಿ ಕೇಳಿದರು.

"ರಂಜಕ ಅಂತ ಬರೀರಿ ಸರ್."

ಸರ್ ಬರೆದರು. ಅದನ್ನು ವಿಶ್ವವಿದ್ಯಾಲಯ ಒಪ್ಪಿಕೊಂಡಿತು, ಯಾರೂ ಪೂರ್ತಿ ಓದಿರಲಿಕ್ಕಿಲ್ಲ. ಮೈಲಾರಲಿಂಗ ಶಾಲು ವಾಪಸ್ ತೆಗೆದುಕೊಳ್ಳಲಿಲ್ಲ, ಆದರೆ ಅಂದು ಸಂಜೆಯೇ ಅಂಗಡಿಯ ಬಾಗಿಲಿನ ಕಾಗದ ಕಿತ್ತು ಬೇರೆಯದನ್ನು ಹಚ್ಚಿದ: 'ಇಲ್ಲಿ ಆಡಿದರೆ ಏನಾಗುತ್ತದೆ ಎಂದು ಇನ್ನೂ ಗೊತ್ತಾಗಿಲ್ಲ. ಸಂಶೋಧನೆ ನಡೆದಿದೆ.' ಆ ವಾರ ಅವನ ಅಂಗಡಿಯಲ್ಲಿ ಎಂಟೂ ಕುರ್ಚಿ ಖಾಲಿಯಾಗಲಿಲ್ಲ. ಏನಾಗುತ್ತದೆ ಎಂದು ನೋಡಲು ಪಾಲಕರೇ ಕೆಲವರು ಬಂದು ಕುಳಿತು, ಗೋಡೆಗೆ ಗುಂಡು ಹೊಡೆದರು.

ಆ ಭಾನುವಾರ ಸಂಜೆ ಮನೆಯ ಮೂವರೂ ಖಾನಾಪುರಕ್ಕೆ ಬಂದದ್ದು ಕೊನೆಯ ಸೀಟಿನಲ್ಲಿ ಕುಲುಕುತ್ತ. ಮಲಪ್ರಭಾ ಸೇತುವೆ ದಾಟುವಾಗ ಕಾಡವ್ವ, ಕಿಟಕಿಯ ಹೊರಗೆ ನೋಡುತ್ತ, "ಆ ಹುಡುಗಗ ಎಣ್ಣಿ ಕೊಡಬೇಕಿತ್ತು ನೀ," ಎಂದಳು.

"ಹೌದ್ರಿ ಅತ್ತಿ."

"ಕೇಳಿದ್ರೂ ಎಣ್ಣಿ ಕೊಡಲಿಲ್ಲಂದ್ರ ಅಂವ ಏನ ತಿಳೀಬೇಕು?"

ಊಟಕ್ಕೆ ಕೂತಾಗ ಪ್ರಮಿಳಾಳ ತಾಟಿನ ಮೂಲೆ ಖಾಲಿ ಇರಲಿಲ್ಲ. ಕಾಡವ್ವ ಭರಣಿಯನ್ನೇ ತಂದಿಟ್ಟುಕೊಂಡು, ಸೌಟಿನಲ್ಲಿ ತೆಗೆದು ಹಾಕಿದಳು, ನಡುವೆ ಬೆರಳಿನಿಂದ ಕುಳಿ ಮಾಡಿ ಎಣ್ಣೆ ಸುರಿದಳು. ಬೆಟ್ಟದಂಥ ರಂಜಕ. ಗಜಾನನ ಅದನ್ನು ನೋಡಿ ತನ್ನ ತಾಟನ್ನೂ ಸ್ವಲ್ಪ ಮುಂದೆ ತಳ್ಳಿದ. ಮೊದಲ ತುತ್ತಿಗೇ ಪ್ರಮಿಳಾಳ ಕಣ್ಣು, ಮೂಗು ಎರಡೂ ಹರಿದವು. ರೂಢಿಯಿಂದ ಅವಳ ಎಡಗೈ ಬ್ಯಾಗಿನ ಕಡೆ ಹೋಯಿತು. ತಕ್ಕಡಿ ಅದರಲ್ಲಿತ್ತು.

ಕಾಡವ್ವ ಆ ಕೈಯ ಮೇಲೆ ಪಟ್ಟನೆ ಹೊಡೆದಳು.

"ಎಷ್ಟಂತ ತೂಗಬ್ಯಾಡ," ಎಂದಳು. "ಉಣ್ಣು."